ಹುತ್ತದೊಳಗಿನ ಕಡಲು

ಈಚೆಗೆ ಹುಣಸೂರಿನಲ್ಲಿ ನನ್ನ ಸಹೋದ್ಯೋಗಿಯೊಬ್ಬರ ಮಗಳ ಮದುವೆ. ಛತ್ರ ಹೊಸದು. ನೆಲಕ್ಕೆ ಹಳದಿ ಕಲ್ಲು ಹಾಸಿ, ಬಗ್ಗಿದರೆ ಮುಖ ಕಾಣುವಂತೆ ಪಾಲಿಶ್ ಹೊಡೆಸಿದ್ದರು. ಊಟದ ಹಾಲಿನ ಬಾಗಿಲ ಮುಂದೆ ಎರಡನೇ ಪಂಕ್ತಿಗೆ ನುಗ್ಗಲು ಕಾದಿದ್ದ ಜನರ ನಡುವೆ ನಾನೂ ಸೀರೆಯ ನೆರಿಗೆ ಎತ್ತಿ ಹಿಡಿದು ಸಿದ್ಧಳಾಗಿ ನಿಂತಿದ್ದೆ. ಹಾಗೇ ಕೆಳಗೆ ನೋಡಿದರೆ ಕಾಲ ಬುಡದ ಕಲ್ಲಿನಲ್ಲಿ ಒಂದು ಚಕ್ಕುಲಿ. ಯಾರೂ ಬರೆದದ್ದಲ್ಲ, ಕೊರೆದದ್ದೂ ಅಲ್ಲ. ಕಲ್ಲಿನ ಒಳಗಿನಿಂದಲೇ ಮೂಡಿದ ಸುರುಳಿ. ಅಷ್ಟರಲ್ಲಿ ಬಾಗಿಲು ತೆರೆಯಿತು. ಜನ ನುಗ್ಗಿದರು. ನಾನು ಮಾತ್ರ ಅದನ್ನು ತುಳಿಯಲಾರದೆ, ಇನ್ನೊಬ್ಬರು ತುಳಿಯುವುದನ್ನೂ ನೋಡಲಾರದೆ, ಅದರ ಎರಡೂ ಪಕ್ಕ ಕಾಲೂರಿಕೊಂಡು ಕಂಬದ ಹಾಗೆ ನಿಂತುಬಿಟ್ಟೆ.

"ಏನ್ ಮೇಡಂ, ಓಲೆ ಗೀಲೆ ಬಿತ್ತಾ?" ಎಂದು ಹಿಂದಿನ ಹೆಂಗಸು ಕೇಳಿದಳು. ಇಲ್ಲ ಎಂದೆ. "ಮತ್ತೆ ಜಾಗ ಬುಡಿ, ಎಲೆ ತುಂಬೋಯ್ತಾವೆ" ಎಂದು ನನ್ನನ್ನು ಬಳಸಿಕೊಂಡು ಓಡಿದಳು. ನನಗೆ ಸಿಕ್ಕಿದ್ದು ಮೂರನೇ ಪಂಕ್ತಿ. ಅಷ್ಟು ಹೊತ್ತಿಗೆ ಒಬ್ಬಟ್ಟು ಮುಗಿದು ಬರೀ ತುಪ್ಪದ ಗಿಂಡಿ ತಿರುಗಾಡುತ್ತಿತ್ತು. ಮನೆಗೆ ಬಂದು ಯಜಮಾನರಿಗೆ ಹೇಳಿದರೆ, "ವಿಜ್ಞಾನ ಪಾಠ ಮಾಡೋಳು ನೀನು, ನೆಲದ ಕಲ್ಲಿಗೆ ಪ್ರದಕ್ಷಿಣೆ ಹಾಕಿ ಬಂದ್ಯಾ?" ಎಂದು ನಕ್ಕರು.

ಹೌದು, ನಾನು ಕೆ.ಆರ್. ನಗರದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಡಂ. ಆ ಸುರುಳಿ ಏನೆಂದು ನನಗೆ ಚೆನ್ನಾಗಿ ಗೊತ್ತು. ಕೋಟ್ಯಂತರ ವರ್ಷದ ಹಿಂದೆ ಕಡಲಲ್ಲಿ ಈಜಾಡಿಕೊಂಡಿದ್ದ ಒಂದು ಜೀವಿ. ಮೈ ಮೆತ್ತಗೆ, ಮೇಲೊಂದು ಸುರುಳಿ ಚಿಪ್ಪು. ಸತ್ತು ತಳ ಸೇರಿತು, ಅದರ ಮೇಲೆ ಕೆಸರು ಕೂತಿತು, ಕೆಸರಿನ ಮೇಲೆ ಕೆಸರು ಕೂತು ಎಲ್ಲ ಕಲ್ಲಾಯಿತು. ಇದನ್ನು ಬೋರ್ಡಿನ ಮೇಲೆ ಬಣ್ಣದ ಚಾಕ್‌ಪೀಸಿನಲ್ಲಿ ಬರೆದು ತೋರಿಸಿ, ಪರೀಕ್ಷೆಯಲ್ಲಿ ಕೇಳಿ, ತಪ್ಪು ಬರೆದವರ ಕಿವಿಯನ್ನೂ ಹಿಂಡಿದ್ದೇನೆ. ಆದರೆ ಅಂಥದ್ದೊಂದನ್ನು ನಾನು ಮೊದಲು ಕಂಡದ್ದು ದೇವರಾಗಿ. ದೇವರೆಂದು ಕೈಮುಗಿದದ್ದನ್ನು ಆಮೇಲೆ ಏನೆಂದು ತಿಳಿದರೂ ಕಾಲಲ್ಲಿ ಮೆಟ್ಟಲು ಆಗುವುದಿಲ್ಲ.

ನನ್ನ ತವರು ಹುಣಸೂರು ಸೀಮೆಯ ಗುರುಪುರದ ಹತ್ತಿರದ ಒಂದು ಹಳ್ಳಿ. ನಮ್ಮ ಹೊಲದ ಬದು ದಾಟಿದರೆ, ದೇಶ ಬಿಟ್ಟು ಬಂದ ಟಿಬೆಟಿನವರಿಗೆ ಸರ್ಕಾರ ಕೊಟ್ಟ ಜಮೀನು. ನಾವು ಅವರ ಊರನ್ನು ಕ್ಯಾಂಪು ಎನ್ನುತ್ತೇವೆ. ಈ ಕಡೆ ನಮ್ಮ ರಾಗಿ, ಹೊಗೆಸೊಪ್ಪು. ಆ ಕಡೆ ಅವರ ಮುಸುಕಿನ ಜೋಳ. ಜೋಳ ಮುರಿಯುವ ಕಾಲಕ್ಕೆ ನಮ್ಮವರು ಅಲ್ಲಿಗೆ ಕೆಲಸಕ್ಕೆ ಹೋಗುತ್ತಿದ್ದರು. ಚಳಿಗಾಲ ಬಂತೆಂದರೆ ಅವರು ಸ್ವೆಟರ್ ಮಾರಲು ದೂರದ ಊರುಗಳಿಗೆ ಹೊರಡುವರು, ಅವರ ಹಸುಗಳು ನಮ್ಮ ಕೊಟ್ಟಿಗೆಗೆ ಬರುವವು. ಹೀಗೆ ಹಸು, ಹಾಲು, ಜೋಳದ ಮೂಲಕ ನನ್ನ ಅವ್ವನಿಗೂ ಕ್ಯಾಂಪಿನ ಡೋಲ್ಮಾಳಿಗೂ ಸ್ನೇಹವಾಯಿತು. ಅವ್ವ ಅವಳನ್ನು ಕರೆಯುತ್ತಿದ್ದದ್ದು ಡೋಲಮ್ಮ ಎಂದು. ಅವಳು ಅವ್ವನಿಗಿಂತ ಒಂದೆರಡು ವರ್ಷ ಚಿಕ್ಕವಳು. ಅವ್ವನನ್ನು ಅಕ್ಕ ಎನ್ನುತ್ತಿದ್ದಳು. ಅವಳ ಕನ್ನಡ ಅವ್ವನಿಂದ ಕಲಿತದ್ದೇ ಆದ್ದರಿಂದ ಪಕ್ಕಾ ನಮ್ಮೂರಿನದು. ಹಿಮಾಲಯದ ಆಚೆ ಹುಟ್ಟಿದವಳು "ಅಂಗಲ್ಲ ಕನಕ್ಕ, ಇಂಗೆ" ಎಂದು ತಿದ್ದುವುದನ್ನು ಕೇಳಿ ಸಂತೆಗೆ ಬಂದವರು ತಿರುಗಿ ನೋಡುತ್ತಿದ್ದರು.

ನಾನು ಕೈಗೂಸಾಗಿದ್ದಾಗ ಡೋಲಮ್ಮನಿಗೂ ಹೆಣ್ಣುಮಗು ಹುಟ್ಟಿತು. ಹೆರಿಗೆಯಾದ ವಾರದೊಳಗೇ ಅವಳಿಗೆ ಜ್ವರ ನೆತ್ತಿಗೇರಿ, ಮೈಸೂರಿನ ಆಸ್ಪತ್ರೆಗೆ ಹೊತ್ತೊಯ್ದರು. ಉಳಿಯುವುದು ಅನುಮಾನ ಎಂದಿದ್ದರಂತೆ. ಮಗು ಡೋಲಮ್ಮನ ಅತ್ತೆಯ ಕೈಯಲ್ಲಿ ಉಳಿಯಿತು. ಡಬ್ಬಿ ಹಾಲು ಅದಕ್ಕೆ ಒಗ್ಗಲಿಲ್ಲ, ಕುಡಿದದ್ದನ್ನೆಲ್ಲ ಕಕ್ಕುತ್ತಿತ್ತು. ಒಂದು ಮಧ್ಯಾಹ್ನ ಆ ಮುದುಕಿ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಬದು ದಾಟಿ ಬಂದಳು. ಅವ್ವ ನನ್ನನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಮುದುಕಿಗೆ ಕನ್ನಡ ಬಾರದು. ಮಗುವನ್ನು ಅವ್ವನ ಮುಂದೆ ನೆಲದ ಮೇಲೆ ಮಲಗಿಸಿ, ಎರಡೂ ಕೈ ಬಿಚ್ಚಿ ತೋರಿಸಿದಳಂತೆ. ಅವ್ವ ಅದನ್ನೂ ಎತ್ತಿಕೊಂಡಳು. ನನ್ನ ಅಜ್ಜಿ ಮಾತ್ರ ಗೊಣಗಿದ್ದಳು, ಯಾವ ಸೀಮೆಯ ಮಗುವೋ, ಯಾವ ಜಾತಿಯೋ ಎಂದು. ಅದಕ್ಕೆ ಅವ್ವ, "ಅಳೋದು ನಮ್ಮ ಮಗೀನಂಗೇ ಅಳ್ತದೆ ಕನತ್ತೆ" ಎಂದು ಸೆರಗು ಮುಚ್ಚಿಕೊಂಡಳಂತೆ.

ಡೋಲಮ್ಮ ಉಳಿದಳು. ಅವಳು ಎದ್ದು ಓಡಾಡುವ ತನಕ, ಆಮೇಲೂ ಎಷ್ಟೋ ದಿನ, ಅವ್ವನ ಎದೆಯ ಒಂದು ಕಡೆ ನಾನು, ಇನ್ನೊಂದು ಕಡೆ ಡೋಲಮ್ಮನ ಮಗಳು ಪೆಮಾ. ಪೆಮಾ ಕೆಂಪಗೆ ದುಂಡಗೆ ಬೆಳೆದಳು. ನಾನು ಕಡ್ಡಿಯಾಗಿಯೇ ಉಳಿದೆ. ಲೆಕ್ಕದಲ್ಲಿ ಫೇಲಾದಾಗಲೆಲ್ಲ, ನನ್ನ ಪಾಲಿನ ಹಾಲನ್ನು ಇವಳೇ ಕುಡಿದದ್ದು, ನಾನೇನು ಮಾಡಲಿ ಎಂದು ಅವ್ವನ ಮುಂದೆ ವಾದಿಸುತ್ತಿದ್ದೆ. ಪೆಮಾ ಪಕ್ಕದಲ್ಲೇ ನಿಂತು ಹೌದೌದು ಎಂದು ತಲೆಯಾಡಿಸುವಳು. ಅವಳಿಗೂ ಲೆಕ್ಕ ಬರುತ್ತಿರಲಿಲ್ಲ.

ಮೈಯಲ್ಲಿ ತ್ರಾಣ ಬಂದ ಮೇಲೆ ಡೋಲಮ್ಮ ಅವ್ವನಿಗೆ ಒಂದು ಕಲ್ಲು ತಂದುಕೊಟ್ಟಳು. ಕಪ್ಪು ಕಲ್ಲು, ತೆಂಗಿನಕಾಯಿ ಹೋಳಿನಷ್ಟು ದಪ್ಪ. ಒಂದು ಮುಖದಲ್ಲಿ ಸುರುಳಿ ಸುತ್ತಿಕೊಂಡು ಮಲಗಿದ ಏನೋ ಒಂದು, ಮೈತುಂಬ ಉಬ್ಬುಗೆರೆಯ ಏಣು. ಅವಳು ಹುಡುಗಿಯಾಗಿದ್ದಾಗ ಅಪ್ಪ ಅಮ್ಮನ ಜೊತೆ ಹಿಮ ತುಳಿದು ಗಡಿ ದಾಟಿ ಬಂದವಳು. ಎಲ್ಲರೂ ಪಾತ್ರೆ, ಕಂಬಳಿ ಹೊತ್ತರೆ ಇವಳು ಅಂಗಿಯೊಳಗೆ ಈ ಕಲ್ಲನ್ನು ಬಚ್ಚಿಟ್ಟುಕೊಂಡು ಬಂದಳಂತೆ. ಬರುವ ದಾರಿಯಲ್ಲಿ ಅವಳ ಅಮ್ಮ ತೀರಿಕೊಂಡಳು. ಹುಟ್ಟಿದೂರಿನದು ಎಂದು ಅವಳ ಹತ್ತಿರ ಉಳಿದಿದ್ದದ್ದು ಅದೊಂದೇ.

ಅವಳ ಊರಿನ ಮೇಲುಗಡೆ ಒಂದು ಇಳಿಜಾರಿದೆಯಂತೆ. ಅದರ ತುಂಬ ಇಂಥವೇ. ಕಪ್ಪಗೆ ಹಾಳೆಹಾಳೆಯಾಗಿ ಉದುರುವ ಬಂಡೆ, ನಡುನಡುವೆ ಉರುಟು ಗುಂಡುಗಳು. ಮೇಕೆ ಕಾಲಿಟ್ಟರೆ ಸಾಕು, ಗುಂಡುಗಳು ಉರುಳಿ ಬರುತ್ತವೆ. ಮಕ್ಕಳು ಒಂದರ ಮೇಲೊಂದು ಕುಟ್ಟಿ ಒಡೆದರೆ ಒಳಗೆ ಸುರುಳಿ. ಕೆಲವು ಬೆರಳ ಉಗುರಷ್ಟು, ಕೆಲವು ಗಾಡಿ ಚಕ್ರದಷ್ಟು. ಸುರುಳಿಯಲ್ಲದವೂ ಇದ್ದವಂತೆ, ನಮ್ಮ ಕೆರೆಯ ಕಪ್ಪೆಚಿಪ್ಪಿನಂಥವು, ಬಾಣದ ಮೊನೆಯಂಥವು. ಅವಳ ಅಜ್ಜಿ ಹೇಳುತ್ತಿದ್ದಳಂತೆ, ಮೊದಲು ಅಲ್ಲೆಲ್ಲ ಬರೀ ನೀರಿತ್ತು, ಬೆಟ್ಟ ಆಮೇಲೆ ಬಂತು ಎಂದು. ಹುಣಸೂರು ಸೀಮೆಯಲ್ಲೇ ಕಡಲನ್ನು ಕಂಡವರು ಕಡಿಮೆ. ಆಕಾಶಕ್ಕೆ ತಾಗುವ ಬೆಟ್ಟದ ಮೇಲೆ ಕಡಲಿತ್ತು ಎಂದರೆ ಯಾರು ನಂಬುತ್ತಾರೆ? ನಮ್ಮವರು ಅವಳ ಜ್ವರ ಇನ್ನೂ ಪೂರ್ತಿ ಇಳಿದಿಲ್ಲ ಎಂದುಕೊಂಡರು.

ಅವ್ವ ಮಾತ್ರ ಏನೂ ಕೇಳಲಿಲ್ಲ. ಸುರುಳಿ ಕಂಡದ್ದೇ ತಡ ಅವಳ ಎರಡೂ ಕೈ ತಾವಾಗೇ ಕೂಡಿಕೊಂಡಿದ್ದವು. ಮದುವೆಯಾಗಿ ಬಹಳ ಕಾಲ ಮಕ್ಕಳಿಲ್ಲದೆ, ಹೊಲದ ಬದುವಿನ ಹುತ್ತಕ್ಕೆ ಹರಕೆ ಹೊತ್ತು, ಹಾಲಿನ ತನಿ ಎರೆದು, ಆಮೇಲೆ ನನ್ನನ್ನು ಹೆತ್ತವಳು ಅವಳು. ಹರಕೆಗೆ ನಾಗರಕಲ್ಲು ಕೆತ್ತಿಸಿ ಇಡುವುದು ಇನ್ನೂ ಬಾಕಿ ಇತ್ತು. ಅಷ್ಟರಲ್ಲಿ, ಯಾವ ಉಳಿಯೂ ತಾಕದ, ತಾನಾಗೇ ಸುತ್ತಿಕೊಂಡ ನಾಗಪ್ಪ ಇವಳ ಮನೆ ಹುಡುಕಿಕೊಂಡು ಬಂದಿದ್ದ. ಮಾರನೆಯ ದಿನವೇ ಕಲ್ಲಿಗೆ ಅರಿಶಿನ ಹಚ್ಚಿ, ಬೇವಿನ ಮರದಡಿಯ ಅದೇ ಹುತ್ತದ ಬುಡದಲ್ಲಿ ಇಟ್ಟಳು. ಡೋಲಮ್ಮ ಬೇಡವೆನ್ನಲಿಲ್ಲ. "ನಮ್ಮಲ್ಲೂ ನೀರಾಗೆ ಇಂತೋನು ಅವ್ನೆ ಕನಕ್ಕ" ಎಂದು ತಾನೂ ಕೈಮುಗಿದಳು. ಪ್ರತಿ ಪಂಚಮಿಗೆ ಅವ್ವ ಹಾಲೆರೆದು, ಚಿಗಳಿ, ತಂಬಿಟ್ಟು ಇಟ್ಟರೆ ಡೋಲಮ್ಮ ತನ್ನ ಜಪಮಣಿ ತಿರುವುತ್ತ ಪಕ್ಕದಲ್ಲಿ ನಿಲ್ಲುವಳು. ನಾನೂ ಪೆಮಾಳೂ ತಂಬಿಟ್ಟಿಗೆ ಕಾಯುತ್ತಿದ್ದೆವು.

ಗೆದ್ದಲಿಗೆ ಯಾರು ದೇವರು, ಯಾರು ಅಲ್ಲ ಎಂಬ ಭೇದವಿಲ್ಲ. ಮಳೆಗಾಲ ಬಂದಾಗಲೆಲ್ಲ ಹುತ್ತ ಒಂದಿಷ್ಟು ಬೆಳೆಯುವುದು, ಕಲ್ಲು ಒಂದಿಷ್ಟು ಒಳಗೆ ಹೋಗುವುದು. ನಾನು ಹೈಸ್ಕೂಲಿಗೆ ಹೋಗುವ ಹೊತ್ತಿಗೆ ಸುರುಳಿಯ ಅರ್ಧ ಮಾತ್ರ ಕಾಣುತ್ತಿತ್ತು. ಕಾಲೇಜು ಮುಗಿಸುವ ಹೊತ್ತಿಗೆ ಪೂರ್ತಿ ಮಾಯ. "ತನ್ ಮನೆಯೊಳಕ್ಕೆ ವೋದ" ಎಂದು ಅವ್ವ ಹೆಮ್ಮೆಯಿಂದ ಎಲ್ಲರಿಗೂ ಹೇಳಿಕೊಂಡಳು. ಒಂದು ಸಲ ಕಡಲ ಕೆಸರು ಮುಚ್ಚಿತ್ತು, ಇನ್ನೊಂದು ಸಲ ಗೆದ್ದಲ ಮಣ್ಣು ಮುಚ್ಚಿತು.

ಆ ಕಾಲೇಜಿನ ದಿನಗಳಲ್ಲೇ ನಾನು ಮೈಸೂರಿನ ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯೊಳಗೆ ನಮ್ಮ ನಾಗಪ್ಪನನ್ನು ಕಂಡದ್ದು. ಅದೇ ಸುರುಳಿ, ಅದೇ ಏಣು, ಕೆಳಗೆ ಕಡಲ ಜೀವಿಯ ಪಳೆಯುಳಿಕೆ ಎಂದು ಚೀಟಿ. ರಜೆಗೆ ಊರಿಗೆ ಬಂದವಳು ಬಸ್ಸಿಳಿದು ಕಾಲು ತೊಳೆಯುವ ಮೊದಲೇ ಭಾಷಣ ಆರಂಭಿಸಿದೆ. ಹಿಮಾಲಯ ಇರುವ ಕಡೆ ದೊಡ್ಡ ಕಡಲಿತ್ತು, ನಮ್ಮ ನೆಲ ತೆವಳಿಕೊಂಡು ಹೋಗಿ ಅದನ್ನು ಒತ್ತಿತು, ಕಡಲ ತಳವೇ ಮಡಿಸಿಕೊಂಡು ಬೆಟ್ಟವಾಗಿ ಎದ್ದಿತು, ಡೋಲಮ್ಮನ ಅಜ್ಜಿ ಹೇಳಿದ್ದು ನಿಜ. ನಮ್ಮ ಹೊಲದ ಬಂಡೆ ಅದಕ್ಕಿಂತ ಎಷ್ಟೋ ಪಾಲು ಹಳೆಯದು, ಆದರೆ ಒಡೆದರೆ ಅದರಲ್ಲಿ ಒಂದು ಹುಳವೂ ಸಿಗದು, ಅದು ಹುಟ್ಟಿದಾಗ ಚಿಪ್ಪು ಹೊತ್ತ ಪ್ರಾಣಿಗಳೇ ಇರಲಿಲ್ಲ. ಅವ್ವ ರೊಟ್ಟಿ ತಟ್ಟುತ್ತ ಎಲ್ಲವನ್ನೂ ಕೇಳಿಸಿಕೊಂಡಳು. ಕೊನೆಗೆ ನಾನು, "ಅದು ಹಾವಲ್ಲ ಅವ್ವ, ಸತ್ತು ಕೋಟಿಗಟ್ಟಲೆ ವರ್ಷವಾದ ಕಡಲ ಹುಳ" ಎಂದೆ.

"ಕೋಟಿ ವರ್ಸ ಆದ್ರೂ ರೂಪ ಕೆಟ್ಟಿಲ್ಲ ಅಂದ್ಮ್ಯಾಲೆ ಅದು ದೇವ್ರಾಗ್ದೆ ಇನ್ನೇನೇ?" ಎಂದಳು ಅವ್ವ. "ನಾವು ಸತ್ರೆ ಮೂರ್ ದಿನಕ್ಕೆ ನಾರ್ತೀವಿ."

ಅಲ್ಲಿಗೆ ನನ್ನ ಭಾಷಣ ಮುಗಿಯಿತು. ಎದ್ದು ಕಾಲು ತೊಳೆಯಲು ಹೋದೆ.

ಈಗ ವಿಷಯಕ್ಕೆ ಬರುತ್ತೇನೆ. ಅವ್ವ ನನಗಿಂತ ಬಹಳ ಚಿಕ್ಕವನಾದ ತಮ್ಮ ಮಾದೇಶ, ಅವನ ಹೆಂಡತಿ ರೂಪಾರ ಜೊತೆ ಊರಲ್ಲೇ ಇದ್ದಾಳೆ. ಆ ಮನೆಯ ಯಜಮಾನಿಕೆ ಈಗಲೂ ಅವಳದೇ. ಹೋದ ವರ್ಷ ಬೇಸಿಗೆಯಲ್ಲಿ ಡೋಲಮ್ಮ ಹಾಸಿಗೆ ಹಿಡಿದಳು. ಅದಕ್ಕೆ ಮುಂಚೆಯೇ ಅವಳ ನೆನಪು ಒಂದೊಂದಾಗಿ ಜಾರತೊಡಗಿತ್ತು. ಮೊದಲು ಸಂತೆಯ ದಾರಿ ಮರೆತಳು, ಆಮೇಲೆ ಕನ್ನಡ ಮರೆತಳು, ಆಮೇಲೆ ಅವ್ವನನ್ನೇ ಮರೆತಳು. ಅವ್ವ ವಾರಕ್ಕೊಮ್ಮೆ ಹೋಗಿ, ಗುರುತು ಹಿಡಿಯದವಳ ಮಂಚದ ಪಕ್ಕ ಸುಮ್ಮನೆ ಕೂತು, ತಲೆಗೆ ಎಣ್ಣೆ ಹಚ್ಚಿ ಬರುತ್ತಿದ್ದಳು. ನಾನು ರಜೆಗೆ ಹೋಗಿದ್ದಾಗ ಒಂದು ದಿನ ಪೆಮಾ ಬಂದಳು. ಜಗುಲಿಯ ಮೇಲೆ ಕೂತಳು.

"ಅಮ್ಮ ಅನ್ನ ಬಿಟ್ಟವ್ಳೆ ಅವ್ವ" ಎಂದಳು. ಅವಳು ನನ್ನ ಅವ್ವನನ್ನು ಅವ್ವ ಎಂದೇ ಕರೆಯುವುದು. "ಒಂದೇ ಮಾತು. ಆ ಕಲ್ಲು ಎಲ್ಲಿ, ಆ ಕಲ್ಲು ತತ್ತಾ. ರಾತ್ರಿ ಹಗಲು ಅದೇ. ಬೇರೆ ಕಲ್ಲು ಕೊಟ್ಟು ನೋಡ್ದೆ, ಬೆರಳಾಡಿಸಿ ನೋಡಿ ಎಸೆದ್ಬುಟ್ಳು. ಕೇಳ್ಬಾರ್ದು ಅಂತ ಗೊತ್ತು ನಂಗೆ."

ಕಲ್ಲಿದ್ದದ್ದು ಹುತ್ತದ ಒಳಗೆ. ಹುತ್ತ ಒಡೆಯುವುದೆಂದರೆ ನಮ್ಮ ಕಡೆ ಸಾಮಾನ್ಯ ಮಾತಲ್ಲ. ಟ್ರ್ಯಾಕ್ಟರ್ ಬಂದ ಮೇಲೂ ಉಳುವವರು ಹುತ್ತ ಬಿಟ್ಟು ಸುತ್ತಿಕೊಂಡು ಹೋಗುತ್ತಾರೆ. ಒಡೆದವರ ವಂಶ ಬೆಳೆಯುವುದಿಲ್ಲ ಎಂಬ ಹೆದರಿಕೆ. ಅದೂ ಎಂಥ ಹೊತ್ತಿನಲ್ಲಿ? ಮಾದೇಶನಿಗೆ ಮದುವೆಯಾದದ್ದೇ ತಡವಾಗಿ. ರೂಪಾಳಿಗೆ ಎರಡು ಸಲ ಹೊಟ್ಟೆಯಲ್ಲೇ ಕಳೆದುಹೋಗಿ, ಅದೇ ಹುತ್ತಕ್ಕೆ ಹರಕೆ ಹೊತ್ತು, ಆಗ ಏಳನೆಯ ತಿಂಗಳು. ಬಸುರಿಯ ಗಂಡ ತೆಂಗಿನಕಾಯಿಯನ್ನೂ ಒಡೆಯಬಾರದೆಂದು ಅವ್ವ ಮಗನ ಕೈಗೆ ಮಚ್ಚು ಕೊಡುತ್ತಿರಲಿಲ್ಲ. ಓದುವವರು ಗಾಬರಿಯಾಗುವುದು ಬೇಡ, ಈಗಲೇ ಹೇಳಿಬಿಡುತ್ತೇನೆ: ಹೆರಿಗೆ ಸುಸೂತ್ರವಾಯಿತು, ಹುಡುಗಿ ಈಗ ಮನೆತುಂಬ ಅಂಬೆಗಾಲಿಡುತ್ತಾಳೆ. ಆದರೆ ಅವತ್ತು ಜಗುಲಿಯ ಮೇಲೆ ಕೂತಿದ್ದ ನಮಗೆ ಅದು ಗೊತ್ತಿರಲಿಲ್ಲ.

"ಆಗಲ್ಲ ಕಣವ್ವ" ಎಂದಳು ಅವ್ವ. ಅವಳ ದನಿ ಸಣ್ಣಗಾಗಿತ್ತು. ಪೆಮಾ ತಲೆಯಾಡಿಸಿ ಎದ್ದು ಹೋದಳು. ಅವಳು ಬದು ದಾಟುವುದನ್ನು ಅವ್ವ ನೋಡುತ್ತಲೇ ಇದ್ದಳು. ಅವತ್ತು ಊಟ ಮಾಡಲಿಲ್ಲ. ಅದು ಬರೀ ಗೆದ್ದಲ ಮಣ್ಣು, ಬರೀ ಕಡಲ ಹುಳ ಎಂದು ನಾನು ಹೇಳಬಹುದಿತ್ತು. ರೂಪಾಳ ಹೊಟ್ಟೆ ನೋಡಿ, ಎದ್ದು ಹೋಗಿ ಪಾತ್ರೆ ತೊಳೆಯಲು ಕೂತೆ.

ಮಾತಾಡಿದವಳು ರೂಪಾ. ಮಾರನೆಯ ಬೆಳಿಗ್ಗೆ ಕಾಫಿ ಲೋಟ ಅವ್ವನ ಮುಂದಿಟ್ಟು, "ತಗೀರತ್ತೆ" ಎಂದಳು.

"ಏನ ತಗೀಲಿ?"

"ನಾಗಪ್ಪನ್ನ. ನಂಗೂ ಭಯ ಆಯ್ತದೆ, ಇಲ್ಲ ಅನ್ನಕಿಲ್ಲ. ಆದ್ರೆ ಅವ್ರು ಅಂಗೇ ಕೇಳ್ಕಂಡು ಕೇಳ್ಕಂಡು ಕಣ್ಮುಚ್ಚಿದ್ರೆ, ನಾಳೆ ನನ್ ಮಗೀನ ನೀವು ಎತ್ಕಂಡಾಗೆಲ್ಲ ನಿಮಗೆ ಅವರ್ದೇ ಗ್ಯಾನ. ಅದು ಬ್ಯಾಡ."

ಅವ್ವ ಸೊಸೆಯ ಮುಖವನ್ನೇ ನೋಡಿದಳು. ಎದ್ದು ಹೋಗಿ ತಲೆಗೆ ನೀರು ಹುಯ್ದುಕೊಂಡಳು.

ರೂಪಾ ಮನೆ ಬಿಟ್ಟು ಬರಕೂಡದು, ಮಾದೇಶ ಹುತ್ತದ ಹತ್ತಿರ ಸುಳಿಯಕೂಡದು ಎಂದಾಯಿತು. ಉಳಿದವಳು ನಾನು. ಕಬ್ಬಿಣ ತಾಕಿಸಬಾರದೆಂದು ಗುದ್ದಲಿ, ಹಾರೆ ಏನೂ ಇಲ್ಲ. ಒಂದು ಕೊಡ ನೀರು, ಒಂದು ಲೋಟ ಹಾಲು, ಒಂದು ತೆಂಗಿನ ಚಿಪ್ಪು. ಅವ್ವ ಹಾಲೆರೆದು, ಹುತ್ತದ ಮುಂದೆ ಮಂಡಿಯೂರಿ, ಎದುರಿಗೆ ಕೂತವರೊಡನೆ ಆಡುವಂತೆ ಮಾತಾಡಿದಳು.

"ನಾಗಪ್ಪ, ನೀನು ಅವಳ ಹಟ್ಟಿಯಿಂದ ಬಂದೋನು. ಅವ್ಳು ಕರೀತಾವ್ಳೆ, ಒಂದ್ಗಳಿಗೆ ವೋಗಿ ಬಾ. ಮನೆ ಕೆಡವ್ತಾ ಇವ್ನಿ, ತಪ್ಪೇಯ. ಶಿಕ್ಷೆ ಈ ಕೈಗೆ ಕೊಡು. ಆ ಹೊಟ್ಟೇಲಿರೋದ್ ಕಡೀಕೆ ಮಾತ್ರ ತಿರುಗ್ಬ್ಯಾಡ."

ನೀರು ಚಿಮುಕಿಸಿ ನೆನೆಸಿ, ಚಿಪ್ಪಿನಿಂದ ಕೆರೆದು, ಬೆರಳಿನಿಂದ ಬಿಡಿಸಿ ಮಣ್ಣು ತೆಗೆದೆವು. ಅವ್ವನ ಕೈ ನಿಧಾನವಾಗಿ, ಗಟ್ಟಿಯಾಗಿ ನಡೆಯುತ್ತಿತ್ತು. ಪ್ರತಿ ಹಿಡಿ ಮಣ್ಣಿಗೂ ಹಾವಿದೆಯೇ ಎಂದು ಬಗ್ಗಿ ನೋಡುತ್ತಿದ್ದದ್ದು ವಿಜ್ಞಾನದ ಮೇಡಂ. ಬಿಳಿ ಗೆದ್ದಲುಗಳು ದಿಕ್ಕೆಟ್ಟು ಓಡಾಡಿದವು. ಹಾವೇನೂ ಇರಲಿಲ್ಲ. ಹೊಲದ ಆ ತುದಿಯಿಂದ ಮಾದೇಶ, "ಸಿಕ್ತಾ? ಸಿಕ್ತಾ?" ಎಂದು ಕೂಗುತ್ತಲೇ ಇದ್ದ. ಕೊನೆಗೆ ನನ್ನ ಬೆರಳಿಗೆ ಏಣು ತಾಕಿತು. ನಾನು ಹುಡುಗಿಯಾಗಿದ್ದಾಗ ಕಂಡಂತೆಯೇ ಇತ್ತು, ಒಂದು ಏಣೂ ಸವೆದಿರಲಿಲ್ಲ. ತಣ್ಣಗಿತ್ತು. ಅವ್ವ ಅದನ್ನು ಎತ್ತಿ ಎದೆಗೆ ಒತ್ತಿಕೊಂಡು ಬಹಳ ಹೊತ್ತು ಅತ್ತಳು. ನಾನೂ ಅತ್ತೆ.

ಕ್ಯಾಂಪಿನ ಮನೆಯಲ್ಲಿ ಕಿಟಕಿಯ ಪಕ್ಕ ಡೋಲಮ್ಮ ಮಲಗಿದ್ದಳು. ಇಷ್ಟೇ ಇಷ್ಟು ಆಗಿಬಿಟ್ಟಿದ್ದಳು. ಬಾಗಿಲಲ್ಲಿ ನಿಂತ ಅವ್ವನನ್ನು ಯಾರೋ ಎಂಬಂತೆ ನೋಡಿ ಮುಖ ತಿರುಗಿಸಿದಳು. ಪೆಮಾ ಕಲ್ಲನ್ನು ಇಸಿದುಕೊಂಡು ಅಮ್ಮನ ಅಂಗೈಯಲ್ಲಿಟ್ಟಳು. ಡೋಲಮ್ಮ ಹೆಬ್ಬೆರಳನ್ನು ಸುರುಳಿಯ ಮೇಲೆ ಆಡಿಸಿದಳು, ಹೊರಗಿನಿಂದ ಒಳಕ್ಕೆ, ಒಳಗಿನಿಂದ ಹೊರಕ್ಕೆ. ಏಣುಗಳ ಸಂದಿಯಲ್ಲಿ ಉಳಿದಿದ್ದ ನಮ್ಮ ಹೊಲದ ಮಣ್ಣು ಹಾಸಿಗೆಯ ಮೇಲೆ ಉದುರಿತು. ಇನ್ನು ಇವಳ ಜೀವ ನೆಮ್ಮದಿಯಾಯಿತು ಎಂದು ನಾವು ಅಂದುಕೊಂಡೆವು. ಆದರೆ ಅವಳು ಏಳಲು ಹವಣಿಸಿದಳು. ಕಲ್ಲನ್ನು ಪೆಮಾಳ ಕಡೆ ಚಾಚಿ ತನ್ನ ಭಾಷೆಯಲ್ಲಿ ಬಡಬಡನೆ ಏನೋ ಹೇಳತೊಡಗಿದಳು, ಗದರಿಸಿದಳು, ಬೇಡಿಕೊಂಡಳು. ಪೆಮಾ ಕೇಳುತ್ತ ಕೇಳುತ್ತ ಗೋಡೆಗೆ ಒರಗಿದಳು.

"ಏನಂತೆ?" ಎಂದೆ.

"ವಾಪಸ್ ಬೇಕು ಅಂತಲ್ಲ ಕಣೆ ಅವ್ಳು ಕೇಳಿದ್ದು" ಎಂದಳು ಪೆಮಾ. "ಕೊಡಕ್ಕೆ. ಬದು ಆಚೆ ಒಬ್ಳು ಅಕ್ಕ ಅವ್ಳೆ, ನಿಂಗೆ ಹಾಲು ಕೊಟ್ಟೋಳು, ಅವಳಿಗೆ ಕೊಡಬೇಕು ಅಂತ ಇದೊಂದ್ನೇ ಇಟ್ಕಂಡಿದ್ದೆ, ಇನ್ನೂ ಕೊಟ್ಟೇ ಇಲ್ಲ, ಎದ್ದು ಹೋಗಕ್ಕೆ ಆಯ್ತಾ ಇಲ್ಲ, ಬೇಗ ಕರ್ಕೊಂಡು ಬಾ ಅಂತಾವ್ಳೆ."

ಅಯ್ಯೋ, ಅದನ್ನು ಆಗಲೇ ಕೊಟ್ಟಾಗಿದೆ ಎಂದು ಹೇಳಲು ನಾನು ಬಾಯಿ ತೆರೆದೆ. ಅವ್ವ ಒಂದೇ ನೋಟದಲ್ಲಿ ನನ್ನ ಬಾಯಿ ಮುಚ್ಚಿಸಿದಳು. ಮಂಚದ ಹತ್ತಿರ ಹೋಗಿ ನೆಲದ ಮೇಲೆ ಕೂತು ಸೆರಗೊಡ್ಡಿದಳು.

"ಬಂದಿವ್ನಿ ಕಣವ್ವ ಡೋಲಮ್ಮ. ಕೊಡು."

ಡೋಲಮ್ಮ ಅವಳ ಮುಖವನ್ನು ಬಹಳ ಹೊತ್ತು ನೋಡಿದಳು. ಗುರುತು ಸಿಕ್ಕಿತೋ ಇಲ್ಲವೋ ನಾನು ಹೇಳಲಾರೆ. ಕಲ್ಲನ್ನು ಎರಡೂ ಕೈಯಿಂದ ಸೆರಗಿನೊಳಗೆ ಇಟ್ಟಳು. ಆಮೇಲೆ, ವರ್ಷದಿಂದ ಒಂದು ಅಕ್ಷರ ಕನ್ನಡವಾಡದಿದ್ದ ಆ ಬಾಯಿಂದ ನಮ್ಮೂರಿನ ಮಾತು ತೊದಲುತ್ತ ಬಂತು.

"ಮಗ ಹಾಲು ಕುಡೀತಾ, ಅಕ್ಕ?"

ಐವತ್ತು ದಾಟಿದ ಪೆಮಾ, ಅರ್ಧ ತಲೆ ನೆರೆತ ಪೆಮಾ, ಬಾಯಿಗೆ ಕೈ ಅಡ್ಡ ಹಿಡಿದು ಗೋಡೆಯ ಪಕ್ಕ ನಿಂತಿದ್ದಳು. ಅವ್ವ ಅವಳ ಕಡೆ ತಿರುಗಿ ನೋಡಲಿಲ್ಲ.

"ಕುಡೀತು ಕಣವ್ವ" ಎಂದಳು. "ಹೊಟ್ಟೆ ತುಂಬ ಕುಡ್ದು ಮಲ್ಗದೆ. ನೀನೂ ಮಲಕ್ಕೊ."